ಮಗುಗೆ ಮಾತು ಬರೀ ಲೇಟಾ, ಇಲ್ಲ ಭಾಷೆಯಲ್ಲೇ ತೊಂದರೆ ಇದೆಯಾ? ಮನೇಲಿ ಹಂತಹಂತವಾಗಿ ನೋಡ್ಕೊಳ್ಳೋದು ಹೀಗೆ

ಮಗುಗೆ ಎರಡು ವರ್ಷ ತುಂಬ್ತು, ಇನ್ನೂ ಅಮ್ಮ ಅಪ್ಪ ಬಿಟ್ರೆ ಏನೂ ಹೇಳಲ್ಲ ಅಂತ ಬಾಯಿಬಿಟ್ಟು ಹೇಳಿದ್ರೆ ಸಾಕು, ಸುತ್ತ ಇರೋರೆಲ್ಲ ಡಾಕ್ಟರಾಗ್ಬಿಡ್ತಾರೆ. ಅಜ್ಜಿ "ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು ಬಿಡೇ" ಅಂತಾರೆ, ಪಕ್ಕದ್ಮನೆಯವರು ಬಜೆ ತೇದು ನಾಲಿಗೆಗೆ ಹಚ್ಚಿ ಅಂತಾರೆ, ಪ್ಲೇಸ್ಕೂಲ್ ಮಿಸ್ಸು ಮನೇಲಿ ಇಂಗ್ಲಿಷ್ ಒಂದೇ ಮಾತಾಡಿ ಅಂತಾರೆ, ವಾಟ್ಸಾಪ್ ಗ್ರೂಪಲ್ಲಿ ಯಾರೋ ಒಬ್ರು ಆಟಿಸಂ ಇರ್ಬೋದು ನೋಡ್ಸಿ ಅಂತ ಬರೆದು ಹೋಗ್ತಾರೆ. ಪಾಪ ತಾಯಿ ರಾತ್ರಿಯೆಲ್ಲ ಮೊಬೈಲಲ್ಲಿ ಹುಡುಕ್ತಾ ಕೂತಿರ್ತಾಳೆ.

ಒಂದು ವಿಷ್ಯ ಮೊದಲೇ ಹೇಳ್ಬಿಡ್ತೀನಿ. ಎರಡು ವರ್ಷದ ಮಗುನ ಒಂದ್ಸಲ ನೋಡಿ "ಇದು ಬರೀ ತಡ", "ಇದು ತೊಂದರೆ" ಅಂತ ಖಚಿತವಾಗಿ ಹೇಳೋಕೆ ಎಷ್ಟೇ ದೊಡ್ಡ ತಜ್ಞರಿಗೂ ಆಗಲ್ಲ. ಆದ್ರೆ ಯಾವ ಮಗುಗೆ ಸ್ವಲ್ಪ ಟೈಮ್ ಕೊಟ್ಟು ನೋಡ್ಬೋದು, ಯಾವ ಮಗು ವಿಷ್ಯದಲ್ಲಿ ಸುಮ್ನೆ ಕಾಯ್ತಾ ಕೂರ್ಬಾರ್ದು ಅನ್ನೋದನ್ನ ಹೇಳ್ಬೋದು, ಅದನ್ನ ಹೇಳೋಕೆ ಬೇಕಾಗಿರೋ ಅರ್ಧಕ್ಕರ್ಧ ಮಾಹಿತಿ ಇರೋದು ನಿಮ್ಮ ಹತ್ರನೇ, ಕ್ಲಿನಿಕ್ಕಲ್ಲಿ ಅಲ್ಲ. ಆ ಮಾಹಿತಿ ಹೇಗೆ ಕಲೆ ಹಾಕೋದು ಅಂತ ಹೇಳೋದೇ ಈ ಲೇಖನದ ಕೆಲಸ.

ತಡ ಅಂದ್ರೆ ಮಗು ಎಲ್ಲಾ ಮಕ್ಕಳ ಥರನೇ, ಅದೇ ಕ್ರಮದಲ್ಲೇ ಕಲೀತಿದೆ, ಆದ್ರೆ ಆರು ತಿಂಗಳೋ ಒಂದು ವರ್ಷವೋ ಹಿಂದಿದೆ. ಎರಡು ವರ್ಷಕ್ಕೆ ಹೀಗೆ ಹಿಂದೆ ಇರೋ ಮಕ್ಕಳು 100ಕ್ಕೆ ಸುಮಾರು 10ರಿಂದ 20 ಇರ್ತಾರೆ, ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಸ್ಕೂಲಿಗೆ ಸೇರೋ ಹೊತ್ತಿಗೆ ಉಳಿದವರ ಜೊತೆಗೆ ಬಂದುಬಿಡ್ತಾರೆ. ತೊಂದರೆ ಅಂದ್ರೆ ಕಲಿಯೋ ರೀತಿಯಲ್ಲೇ ಅಡಚಣೆ ಇದೆ, ಕೇಳಿದ್ದು ತಲೇಲಿ ನಿಲ್ಲಲ್ಲ, ವಾಕ್ಯ ಕಟ್ಟೋಕೆ ಬರಲ್ಲ, ಬೇರೆಯವರ ಮಾತು ಪೂರ್ತಿ ಅರ್ಥ ಆಗಲ್ಲ, ವಯಸ್ಸಾದ ಹಾಗೆ ತಾನಾಗೇ ಸರಿಹೋಗಲ್ಲ. ಶ್ರವಣದೋಷ, ಆಟಿಸಂ, ಡೌನ್ ಸಿಂಡ್ರೋಮ್ ಥರ ಬೇರೆ ಕಾರಣದ ಜೊತೆಗೂ ಇದು ಬರ್ಬೋದು, ಯಾವ ಕಾರಣನೂ ಕಾಣದೆ ಬರೀ ಭಾಷೆಯಲ್ಲೇ ಬಂದಿರ್ಬೋದು. ಈ ಎರಡನೇ ಥರದ್ದಕ್ಕೆ ಡೆವಲಪ್ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್, ಚಿಕ್ಕದಾಗಿ ಡಿಎಲ್‌ಡಿ ಅಂತಾರೆ. ಬ್ರಿಟನ್ನಿನ ಮನೋವಿಜ್ಞಾನಿ ಡೊರೊಥಿ ಬಿಷಪ್ ಮುಂದಾಳತ್ವದಲ್ಲಿ ಬೇರೆ ಬೇರೆ ದೇಶದ 50ಕ್ಕೂ ಹೆಚ್ಚು ತಜ್ಞರು ಚರ್ಚೆ ಮಾಡಿ ಈ ಹೆಸರಿಗೆ ಒಪ್ಪಿಕೊಂಡಿದ್ದು 2017ರಲ್ಲಿ, ಅಲ್ಲಿವರೆಗೂ ಒಬ್ಬೊಬ್ರು ಒಂದೊಂದು ಹೆಸರಲ್ಲಿ ಕರೀತಿದ್ರು. ಹೆಸರು ಹೆಚ್ಚು ಜನ ಕೇಳಿಲ್ಲ, ಆದ್ರೆ ತೊಂದರೆ ಅಪರೂಪದ್ದೇನಲ್ಲ. ಇಂಗ್ಲೆಂಡಲ್ಲಿ ಸ್ಕೂಲಿಗೆ ಸೇರಿದ ಮಕ್ಕಳ ಮೇಲೆ ಮಾಡಿ 2016ರಲ್ಲಿ ಪ್ರಕಟ ಮಾಡಿದ ದೊಡ್ಡ ಅಧ್ಯಯನದಲ್ಲಿ 100ಕ್ಕೆ ಏಳೆಂಟು ಮಕ್ಕಳಲ್ಲಿ ಕಂಡಿದೆ, ಅಂದ್ರೆ 30 ಮಕ್ಕಳಿರೋ ಕ್ಲಾಸಲ್ಲಿ ಇಬ್ರು.

ಸರಿ, ಈಗ ಕೆಲಸಕ್ಕೆ ಬರೋಣ.

1. ಎಲ್ಲಕ್ಕಿಂತ ಮೊದಲು ಕಿವಿ

ನಮ್ಮಲ್ಲಿ ಎಷ್ಟೋ ಜನ ಇದನ್ನ ಕೊನೆಗೆ ಮಾಡ್ತಾರೆ. "ಕೇಳ್ಸತ್ತೆ ಮೇಡಂ, ಟಿವಿ ಆನ್ ಮಾಡಿದ್ರೆ ಓಡ್ಬರ್ತಾನೆ, ಬಾಗ್ಲು ಬಡಿದ್ರೆ ತಿರುಗ್ತಾನೆ" ಅನ್ನೋ ಮಾತು ಬಹಳ ಸಲ ಕೇಳಿದೀನಿ. ಬಾಗಿಲು ಬಡಿಯೋ ಸದ್ದು ಕೇಳೋದಕ್ಕೂ ಅಡುಗೆಮನೆಯಿಂದ ಮೆಲ್ಲಗೆ ಕರೆದಾಗ ಬರೋ "ಸ", "ಶ", "ತ" ಅನ್ನೋ ಸಣ್ಣ ಸದ್ದುಗಳು ಕೇಳೋದಕ್ಕೂ ಬಹಳ ವ್ಯತ್ಯಾಸ ಇದೆ. ಪದೇಪದೇ ಶೀತ ಆಗೋ ಮಕ್ಕಳಿಗೆ ಕಿವಿಪರದೆ ಹಿಂದೆ ನೀರು ನಿಂತುಕೊಳ್ಳತ್ತೆ, ನೋವೂ ಇರಲ್ಲ ಜ್ವರನೂ ಇರಲ್ಲ, ಆದ್ರೆ ನಮ್ಮ ಮಾತು ಅವಕ್ಕೆ ಮಂದವಾಗಿ ಕೇಳ್ಸತ್ತೆ. ಒಂದು ವಾರ ಸರಿ ಇರತ್ತೆ, ಇನ್ನೊಂದು ವಾರ ಇರಲ್ಲ, ಅದಕ್ಕೇ ಮನೆಯವರಿಗೆ ಗೊತ್ತೇ ಆಗಲ್ಲ, "ಬೇಕಂತಲೇ ಕೇಳ್ಸದೋರ ಥರ ಮಾಡ್ತಾನೆ" ಅಂತ ಬೈತಿರ್ತಾರೆ.

ಆದ್ದರಿಂದ ಮಾತು ತಡ ಅನ್ನಿಸಿದ ಮಗುಗೆ ಶ್ರವಣ ಪರೀಕ್ಷೆ ಕಡ್ಡಾಯ ಅಂತ ಇಟ್ಕೊಳ್ಳಿ. ಓಎಇ ಅನ್ನೋದು ಸುಲಭದ್ದು, ಕಿವಿಗೆ ಸಣ್ಣ ಪ್ರೋಬ್ ಇಟ್ಟು ಕೆಲವೇ ನಿಮಿಷದಲ್ಲಿ ಮುಗಿಸ್ತಾರೆ. ಅದರಲ್ಲಿ ಅನುಮಾನ ಬಂದ್ರೆ ಬೇರಾ ಟೆಸ್ಟ್, ಮಗು ಮಲಗಿರುವಾಗ ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮಾಡೋದು, ನೋವಿರಲ್ಲ. ಪರದೆ ಹಿಂದಿನ ನೀರು ನೋಡೋಕೆ ಟಿಂಪನೋಮೆಟ್ರಿ. ಹುಟ್ಟಿದಾಗ ಆಸ್ಪತ್ರೇಲಿ ಮಾಡಿದ ಟೆಸ್ಟಲ್ಲಿ ಪಾಸಾಗಿತ್ತು ಅಂತ ಬಿಟ್ಟುಬಿಡ್ಬೇಡಿ, ಆಮೇಲೆ ಬಂದಿರೋ ತೊಂದರೆ ಅದರಲ್ಲಿ ಹೇಗೆ ಗೊತ್ತಾಗತ್ತೆ?

2. ವಯಸ್ಸು ಸರಿಯಾಗಿ ಹಿಡೀರಿ

ತಿಂಗಳು ತುಂಬೋ ಮುಂಚೆ ಹುಟ್ಟಿದ ಮಗು ಆಗಿದ್ರೆ ಎರಡು ವರ್ಷದ ತನಕ ಲೆಕ್ಕ ಹಾಕೋದು ಹುಟ್ಟಬೇಕಿದ್ದ ತಾರೀಕಿಂದ, ಹುಟ್ಟಿದ ದಿನದಿಂದ ಅಲ್ಲ. ಎರಡು ತಿಂಗಳು ಮುಂಚೆ ಹುಟ್ಟಿದ್ರೆ 18 ತಿಂಗಳ ಮಗುನ 16 ತಿಂಗಳ ಮಗು ಥರ ನೋಡ್ಬೇಕು.

ಆಮೇಲೆ ಅಂದಾಜಿಗೆ ಇಷ್ಟು ನೆನಪಿಟ್ಟುಕೊಂಡ್ರೆ ಸಾಕು. ಒಂದು ವರ್ಷದ ಆಸುಪಾಸಲ್ಲಿ "ಬಬಬ", "ದದದ" ಅಂತ ಗಲಗಲ ಶಬ್ದ, ಟಾಟಾ ಮಾಡೋದು, ಕೈ ತೋರ್ಸೋದು, ಹೆಸರು ಕರೆದ್ರೆ ತಿರುಗೋದು ಇರ್ಬೇಕು. 16 ತಿಂಗಳಾದ್ರೂ ಒಂದೂ ಪದ ಇಲ್ಲ ಅಂದ್ರೆ ತೋರಿಸ್ಬೇಕು. ಎರಡು ವರ್ಷಕ್ಕೆ ಸುಮಾರು 50 ಪದ, ಜೊತೆಗೆ "ಅಪ್ಪ ಬಾ", "ಹಾಲು ಬೇಡ" ಥರ ತಾನೇ ಎರಡು ಪದ ಸೇರಿಸೋದು. ಮೂರು ವರ್ಷಕ್ಕೆ ಚಿಕ್ಕ ಚಿಕ್ಕ ವಾಕ್ಯ, ಹೊರಗಿನವರಿಗೂ ಮುಕ್ಕಾಲು ಪಾಲು ಅರ್ಥ ಆಗೋ ಹಾಗೆ. ನಾಲ್ಕಕ್ಕೆ ಇವತ್ತು ಸ್ಕೂಲಲ್ಲಿ ಏನಾಯ್ತು ಅಂತ ಅಡ್ಡಾದಿಡ್ಡಿಯಾಗಿಯಾದ್ರೂ ಹೇಳ್ಬೇಕು. ಹುಡುಗರು ಹುಡುಗಿಯರಿಗಿಂತ ಸ್ವಲ್ಪ ಹಿಂದೆ ಇರೋದು ನಿಜ, ಅವಳಿ ಮಕ್ಕಳೂ ಸ್ವಲ್ಪ ನಿಧಾನ, ಆದ್ರೆ "ಹುಡುಗ ಅಲ್ವಾ" ಅನ್ನೋದು ಮೇಲೆ ಹೇಳಿರೋದನ್ನ ಪೂರ್ತಿ ಮಾಫಿ ಮಾಡಲ್ಲ.

3. ಪದಗಳನ್ನ ಎಣಿಸಿ, ಆದ್ರೆ ಸರಿಯಾಗಿ ಎಣಿಸಿ

ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿ, ಮಗು ಹೇಳೋ ಪದನೆಲ್ಲ ಮನೇಲಿ ಇರೋರು ಯಾರು ಕೇಳಿದ್ರೂ ಬರೀರಿ, ಒಂದು ವಾರ ಸಾಕು. ಇಲ್ಲಿ ಹೆಚ್ಚಿನವರು ಕಮ್ಮಿ ಎಣಿಸ್ತಾರೆ, ಯಾಕಂದ್ರೆ ಸ್ಪಷ್ಟವಾಗಿ ಹೇಳಿದ್ದು ಮಾತ್ರ ಪದ ಅನ್ಕೊಂಡಿರ್ತಾರೆ. ಅದು ಹಾಗಲ್ಲ. ಅನ್ನಕ್ಕೆ "ಬುವ್ವ", ಮಲಗೋದಕ್ಕೆ "ತಾಚಿ", ಊಟಕ್ಕೆ "ಮಮ್ಮು", ದೇವರಿಗೆ "ಜೇಜೇ", ಹಸುಗೆ "ಅಂಬಾ", ನಾಯಿಗೆ "ಬೌ", ಇವೆಲ್ಲ ಪದಗಳೇ. ನೀರಿಗೆ ಯಾವಾಗ್ಲೂ "ನೀ" ಅಂತಲೇ ಹೇಳ್ತಾನಾ, ಅದೂ ಪದ. ಒಂದೇ ವಸ್ತುಗೆ ಒಂದೇ ಸದ್ದು, ಯಾರೂ ಹೇಳ್ಕೊಡದೆ, ಬೇಕು ಅಂದಾಗ ಬರತ್ತಾ ಅನ್ನೋದಷ್ಟೇ ಲೆಕ್ಕ.

ಎರಡು ಮೂರು ಭಾಷೆ ಇರೋ ಮನೆಗಳಲ್ಲಿ ಎಲ್ಲಾ ಭಾಷೆಯದ್ದೂ ಸೇರಿಸಿ ಎಣಿಸಿ. ಅಪ್ಪನ ಹತ್ರ ತುಳು, ಅಜ್ಜಿ ಹತ್ರ ಕನ್ನಡ, ಪ್ಲೇಸ್ಕೂಲಲ್ಲಿ ಇಂಗ್ಲಿಷು ಅಂತಿದ್ರೆ ಬರೀ ಕನ್ನಡದ್ದು ಎಣಿಸಿ 20 ಪದ ಅಂತ ಗಾಬರಿ ಬೀಳೋದು ಅನ್ಯಾಯ.

ಇನ್ನೊಂದು ಕಡೆ ಜಾಸ್ತಿ ಎಣಿಸೋರೂ ಇದಾರೆ. ಎ ಬಿ ಸಿ ಡಿ ಪೂರ್ತಿ ಹೇಳ್ತಾನೆ, 1ರಿಂದ 20 ಹೇಳ್ತಾನೆ, ಎಲ್ಲಾ ಕಾರ್ ಲೋಗೋ ಗುರ್ತಿಸ್ತಾನೆ, ಯೂಟ್ಯೂಬ್ ಹಾಡು ಪೂರ್ತಿ ಬರತ್ತೆ, ಅದು ಹೇಗೆ ಮಾತು ತಡ ಅಂತೀರಾ ಅಂತ ಕೇಳ್ತಾರೆ. ಆ ಮಗುಗೆ ನೀರು ಬೇಕಾದಾಗ ಏನು ಮಾಡತ್ತೆ ನೋಡಿ. ನಿಮ್ಮ ಕೈ ಹಿಡ್ಕೊಂಡು ಫ್ರಿಜ್ ಹತ್ರ ಎಳ್ಕೊಂಡು ಹೋಗಿ ನಿಮ್ಮ ಕೈನೇ ಬಾಗ್ಲಿನ ಮೇಲೆ ಇಟ್ರೆ, ಬಾಯಿಪಾಠದ ಹಾಡು ಎಷ್ಟಿದ್ರೂ ಅದನ್ನ ಈ ಲೆಕ್ಕಕ್ಕೆ ಸೇರಿಸೋಕಾಗಲ್ಲ. "ನಿನ್ನ ಹೆಸರೇನು" ಅಂದ್ರೆ "ನಿನ್ನ ಹೆಸರೇನು" ಅಂತಲೇ ವಾಪಸ್ ಹೇಳೋದೂ ಅಷ್ಟೇ, ಅದನ್ನ ಬೇರೆಯಾಗಿ ಬರೆದಿಡಿ, ಮಾತು ಭಾಷೆ ನೋಡೋ ಸ್ಪೀಚ್ ಥೆರಪಿಸ್ಟಿಗೆ ಉಪಯೋಗ ಆಗತ್ತೆ.

ಬರೆಯುವಾಗ ಹೆಸರಿನ ಪದ ಎಷ್ಟು, ಕ್ರಿಯೆ ಪದ ಎಷ್ಟು ಅಂತಲೂ ನೋಡಿ. ಬಾ, ಕೊಡು, ಎತ್ಕೋ, ಹೋಯ್ತು, ಬಿತ್ತು ಥರದ್ದು ಸೇರ್ಕೊಳ್ತಾ ಇದ್ರೆ ಒಳ್ಳೇ ಸೂಚನೆ, ಯಾಕಂದ್ರೆ ವಾಕ್ಯ ಹುಟ್ಟೋದು ಅಲ್ಲಿಂದಲೇ. 40 ಪದ ಇದ್ದು ಎಲ್ಲಾ ಬರೀ ಹಣ್ಣು ಪ್ರಾಣಿ ಹೆಸರೇ ಆಗಿದ್ರೆ ಸ್ವಲ್ಪ ಗಮನ ಇಡಿ.

4. ಅರ್ಥ ಆಗತ್ತಾ? ನನ್ನ ಪ್ರಕಾರ ಇದೇ ಮುಖ್ಯ

ಎಲ್ಲರೂ ಬಾಯಿಂದ ಏನು ಬರತ್ತೆ ಅಂತ ನೋಡ್ತಾರೆ. ಒಳಗೆ ಏನು ಹೋಗ್ತಿದೆ ಅಂತ ನೋಡೋರು ಕಮ್ಮಿ. ಆದ್ರೆ ಮುಂದೆ ಸರಿಹೋಗೋ ಮಗುನ ಮತ್ತು ಹೋಗದೇ ಇರೋ ಮಗುನ ಎರಡು ವರ್ಷದ ಹೊತ್ತಿಗೆ ಬೇರೆ ಮಾಡಿ ತೋರ್ಸೋ ಸೂಚನೆಗಳಲ್ಲಿ ಇದು ಬಹಳ ಗಟ್ಟಿಯಾದದ್ದು. ಮಾತಾಡಲ್ಲ ಆದ್ರೆ ಹೇಳಿದ್ದೆಲ್ಲ ಅರ್ಥ ಮಾಡ್ಕೊಳತ್ತೆ, ಕೈಸನ್ನೇಲಿ ಬೇಕಾದ್ದು ಕೇಳತ್ತೆ ಅನ್ನೋ ಮಗು ಸುಧಾರಿಸೋ ಸಾಧ್ಯತೆ ಜಾಸ್ತಿ. ಮಾತೂ ಕಮ್ಮಿ, ಅರ್ಥ ಆಗೋದೂ ಕಮ್ಮಿ ಅಂದ್ರೆ ಕಾಯ್ಬೇಡಿ.

ತಾಪತ್ರಯ ಏನಂದ್ರೆ "ಎಲ್ಲಾ ಅರ್ಥ ಆಗತ್ತೆ" ಅಂತ ಹೆಚ್ಚುಕಮ್ಮಿ ಎಲ್ಲಾ ಅಪ್ಪ ಅಮ್ಮನೂ ಹೇಳ್ತಾರೆ, ಅದು ಸುಳ್ಳಲ್ಲ, ಆದ್ರೆ ಮಗು ಬಹಳ ಜಾಣ, ನಿಮ್ಮ ಕಣ್ಣು ಕೈ ನೋಡಿ ಊಹೆ ಮಾಡಿರತ್ತೆ. ನೀವು ಚಪ್ಪಲಿ ಹಾಕ್ಕೊಳ್ತಾ "ಹೋಗೋಣ ಬಾ" ಅಂದ್ರೆ ಮಾತು ಅರ್ಥ ಆಗ್ಬೇಕಾಗೇ ಇಲ್ಲ. ಅದಕ್ಕೆ ಪರೀಕ್ಷೆ ಮಾಡೋದು ಹೀಗೆ. ಕೈ ತೋರ್ಸ್ಬೇಡಿ, ಆ ಕಡೆ ಕಣ್ಣೂ ಹಾಯಿಸ್ಬೇಡಿ, ದಿನಚರೀಲಿ ಇಲ್ದೇ ಇರೋದನ್ನ ಹೇಳಿ. ಒಂದೂವರೆ ವರ್ಷದ ಮಗುಗೆ "ಚೆಂಡು ಕೊಡು", "ಮೂಗೆಲ್ಲಿ" ಸಾಕು. ಎರಡು ವರ್ಷಕ್ಕೆ "ಚಮಚ ಬುಟ್ಟೀಲಿ ಹಾಕು", ಇಲ್ಲಿ ಚಮಚ ಮತ್ತು ಬುಟ್ಟಿ ಎರಡೂ ಅರ್ಥ ಆಗ್ಬೇಕು, ಪಕ್ಕದಲ್ಲಿ ಲೋಟನೂ ಡಬ್ಬಿನೂ ಇಟ್ಟಿರಿ ಊಹೆ ಮಾಡೋಕೆ ಆಗ್ಬಾರ್ದು. ಮೂರು ವರ್ಷಕ್ಕೆ "ಚಾಪೆ ಕೆಳಗಿರೋ ಪುಸ್ತಕ ತಗೊಂಡು ಅಜ್ಜಿಗೆ ಕೊಡು". ನಾಲ್ಕಕ್ಕೆ ತಮಾಷೆ ಮಾಡಿ, ಎರಡು ಗೊಂಬೆ ಕೊಟ್ಟು "ಕೋತಿ ಆನೇನ ತಳ್ತು, ತೋರ್ಸು" ಅನ್ನಿ, ಆಮೇಲೆ "ಆನೇನ ಕೋತಿ ತಳ್ತು" ಅನ್ನಿ. ಕನ್ನಡದಲ್ಲಿ ಪದದ ಜಾಗ ಬದಲಾದ್ರೂ ಯಾರು ತಳ್ಳಿದ್ದು ಅನ್ನೋದು ಬದಲಾಗಲ್ಲ, ಕೊನೇಲಿರೋ ಆ "ನ" ಹೇಳ್ಬಿಡತ್ತೆ. ಅದನ್ನ ಹಿಡಿಯೋ ಮಗು ಎರಡು ಸಲನೂ ಕೋತಿ ಕೈಲೇ ತಳ್ಸತ್ತೆ, ಹಿಡೀದೇ ಇರೋದು ಯಾವ ಹೆಸರು ಮೊದ್ಲು ಬಂತೋ ಅದರ ಕೈಲಿ ತಳ್ಸತ್ತೆ. ಒಂದ್ಸಲ ತಪ್ಪಿದ್ರೆ ಏನಿಲ್ಲ, ಬೇರೆ ಬೇರೆ ದಿನ ಬೇರೆ ಬೇರೆ ಗೊಂಬೆ ಇಟ್ಟು ನೋಡಿ.

5. ಕೈ, ಕಣ್ಣು, ಆಟ

ವಿಮಾನ ಹೋದ್ರೆ ಬೆರಳು ತೋರ್ಸಿ ನಿಮ್ಮ ಮುಖ ನೋಡತ್ತಾ? ಬೇಕು ಅಂತ ತೋರ್ಸೋದು ಬೇರೆ, "ನೋಡು ನೋಡು" ಅಂತ ತೋರ್ಸೋದು ಬೇರೆ, ಎರಡನೇದು ಇದ್ಯಾ ಅನ್ನೋದು ಬಹಳ ಮುಖ್ಯ. ಗೊಂಬೆಗೆ ಊಟ ಮಾಡ್ಸೋದು, ಬಾಳೆಹಣ್ಣು ಕಿವಿಗಿಟ್ಟು ಹಲೋ ಅನ್ನೋದು, ನೀವು ಮಾಡಿದ್ದನ್ನ ಕಾಪಿ ಹೊಡೆಯೋದು, ಇವೆಲ್ಲ ಇದ್ರೆ ಮಾತು ಇನ್ನೂ ಬಂದಿಲ್ಲ ಅಂದ್ರೂ ತಳಪಾಯ ಇದೆ ಅಂತ ಅರ್ಥ. ಇವು ಇಲ್ಲ, ಕರೆದ್ರೆ ತಿರುಗಲ್ಲ, ಕಾರಿನ ಚಕ್ರ ಮಾತ್ರ ತಿರುಗಿಸ್ತಾ ಕೂರತ್ತೆ ಅಂದ್ರೆ ಮಕ್ಕಳ ಡಾಕ್ಟರ ಹತ್ರ ಎಂ-ಚಾಟ್ ಪ್ರಶ್ನಾವಳಿ ಕೇಳಿ, 20 ಪ್ರಶ್ನೆ, 16ರಿಂದ 30 ತಿಂಗಳ ಮಕ್ಕಳಿಗೆ. ಅದು ಆಟಿಸಂ ಇದೆ ಅಂತ ಹೇಳೋ ಟೆಸ್ಟ್ ಅಲ್ಲ, ಮುಂದೆ ವಿವರವಾಗಿ ನೋಡ್ಬೇಕಾ ಅಂತ ಹೇಳೋ ಜರಡಿ ಅಷ್ಟೇ.

ಇಲ್ಲೇ ಇನ್ನೊಂದು ಹೇಳ್ಬೇಕು. ಇದ್ದ ಮಾತು ಹೋಗ್ಬಿಟ್ರೆ, ಅಂದ್ರೆ ಹತ್ತು ಹದಿನೈದು ಪದ ಹೇಳ್ತಿದ್ದ ಮಗು ನಿಂತುಬಿಟ್ರೆ, ಟಾಟಾ ಮಾಡ್ತಿದ್ದದ್ದು ಬಿಟ್ಟುಬಿಟ್ರೆ, ಯಾವ ವಯಸ್ಸಲ್ಲಾದ್ರೂ ಆಗ್ಲಿ, ಈ ಲೇಖನದ ಉಳಿದ ಹಂತ ಎಲ್ಲಾ ಬಿಟ್ಟು ಅದೇ ವಾರ ಮಕ್ಕಳ ಡಾಕ್ಟರ್ ಹತ್ರ ಹೋಗಿ. ದೃಷ್ಟಿ ಆಗಿದೆ ಅಂತ ನಿವಾಳಿಸೋದಿದ್ರೆ ನಿವಾಳಿಸಿ, ಆಮೇಲೆ ಹೋಗಿ, ಆದ್ರೆ ಹೋಗಿ. ಅಪರೂಪಕ್ಕೆ ಇದರ ಹಿಂದೆ ಮೂರ್ಛೆ ರೋಗ ಇರತ್ತೆ, ಅದಕ್ಕೆ ಇಇಜಿ, ಅಂದ್ರೆ ಮೆದುಳಿನ ವಿದ್ಯುತ್ ಚಟುವಟಿಕೆ ನೋಡೋ ಟೆಸ್ಟ್, ಮಾಡ್ಬೇಕಾಗತ್ತೆ.

6. ಮೂರು ತಿಂಗಳು ಬಿಟ್ಟು ಮತ್ತೆ ಎಣಿಸಿ

ಒಂದು ದಿನದ ಲೆಕ್ಕಕ್ಕಿಂತ ಮೂರು ತಿಂಗಳ ವೇಗ ಹೆಚ್ಚು ಹೇಳತ್ತೆ. ಬರೀ ತಡ ಇರೋ ಮಗು ಒಂದ್ಸಲ ಶುರು ಆಯ್ತು ಅಂದ್ರೆ ವಾರವಾರ ಪದ ಸೇರ್ತಾ ಹೋಗತ್ತೆ, ಮೊದಲು 15 ಇದ್ದದ್ದು ಮೂರು ತಿಂಗಳಿಗೆ 60 ಆಗಿರತ್ತೆ, ಎರಡು ಪದ ಜೋಡ್ಸೋಕೂ ಶುರು ಮಾಡಿರತ್ತೆ. ಇನ್ನೊಂದು ಥರದ ಮಗುಗೆ ಮನೇಲಿ ಎಷ್ಟು ಮಾತಾಡ್ಸಿದ್ರೂ 15 ಇದ್ದದ್ದು 20 ಆಗಿರತ್ತೆ, ಕಳೆದ ತಿಂಗಳು ಹೇಳಿದ ಪದ ಈ ತಿಂಗಳು ಕಾಣೆ. ಇದಕ್ಕೇ ಹೇಳೋದು, ಹಾಳೆ ಮೇಲೆ ತಾರೀಕು ಹಾಕಿ ಅಂತ. ತಾರೀಕಿಲ್ಲದ ನೆನಪು ಯಾವಾಗ್ಲೂ ಮಗು ಪರವಾಗೇ ಇರತ್ತೆ.

ಹೀಗೆ ಮೂರು ತಿಂಗಳು ನೋಡೋ ಅವಕಾಶ ಇರೋದು ಕಿವಿ ಸರಿಯಿದ್ದು, ಅರ್ಥ ಆಗ್ತಿದ್ದು, ಕೈಸನ್ನೆ ಆಟ ಚೆನ್ನಾಗಿರೋ ಮಗುಗೆ ಮಾತ್ರ. ಅಪ್ಪನಿಗೋ ಚಿಕ್ಕಪ್ಪನಿಗೋ ಮಾತು ತಡ ಆಗಿತ್ತು, ಓದು ಬರಹ ಕಷ್ಟ ಆಗಿತ್ತು ಅಂತಿದ್ರೆ ಆ ಅವಕಾಶನೂ ಕಮ್ಮಿ. ಅಜ್ಜಿ ಹೇಳೋ "ಅವರಪ್ಪನೂ ಹಾಗೇ ಇದ್ದ" ಅನ್ನೋ ಮಾತನ್ನ ನಾವು ಸಮಾಧಾನಕ್ಕೆ ತಗೋತೀವಿ, ಆದ್ರೆ ಭಾಷೆ ತೊಂದರೆ ವಂಶದಲ್ಲಿ ಹರಿಯೋದು ಸಾಮಾನ್ಯ, ಥೆರಪಿಸ್ಟ್ ಕಿವಿಗೆ ಅದು ಎಚ್ಚರಿಕೆ ಮಾತು. ಅಪ್ಪ ಈಗ ಚೆನ್ನಾಗೇ ಮಾತಾಡ್ತಾರಲ್ಲ ಅಂದ್ರೆ, ಸ್ಕೂಲಲ್ಲಿ ಅವರು ಎಷ್ಟು ಒದ್ದಾಡಿದ್ರು ಅಂತ ಒಂದ್ಸಲ ಕೇಳಿ ನೋಡಿ.

7. ಮೂರೂವರೆ ನಾಲ್ಕು ದಾಟಿದ ಮಗುಲಿ ಏನು ನೋಡೋದು

ಈ ವಯಸ್ಸಿಗೆ ಪದ ಎಣಿಸೋದು ಬಿಡಿ, ವಾಕ್ಯ ಕೇಳಿಸ್ಕೊಳ್ಳಿ. ಫೋನಲ್ಲಿ ಹತ್ತು ನಿಮಿಷ ಆಟದ ಮಧ್ಯೆ ರೆಕಾರ್ಡ್ ಮಾಡಿ, ಆಮೇಲೆ ಮಗು ಹೇಳಿದ್ದನ್ನ ಹಾಗ್ಹಾಗೇ ಬರೀರಿ, ತಿದ್ದಬೇಡಿ. ಕನ್ನಡದಲ್ಲಿ ವಿಷ್ಯ ಎಲ್ಲಾ ಇರೋದು ಪದದ ಬಾಲದಲ್ಲಿ, ಆ ಬಾಲಗಳು ಬರ್ತಿವೆಯಾ ನೋಡಿ. "ನನ್ಗೆ ಬೇಕು" ಅನ್ನೋ ಕಡೆ ಯಾವಾಗ್ಲೂ "ನಾನು ಬೇಕು", "ಅಕ್ಕ ಬಂದ್ಳು" ಅನ್ನೋ ಕಡೆ "ಅಕ್ಕ ಬಂದ", "ನಿನ್ನೆ ಅಜ್ಜಿ ಮನೆಗೆ ಹೋದ್ವಿ" ಅನ್ನೋ ಕಡೆ "ಅಜ್ಜಿ ಮನೆ ಹೋಗು" ಅಂತ ನಾಲ್ಕೂವರೆ ವರ್ಷಕ್ಕೂ ಉಳಿದಿದ್ರೆ ಅದು ಮುದ್ದು ಮಾತಲ್ಲ. ಎರಡೂವರೆ ವರ್ಷದ ಮಗು ಹೀಗೆ ಹೇಳಿದ್ರೆ ಏನೂ ಅಲ್ಲ, ಎಲ್ಲಾ ಮಕ್ಕಳೂ ಅಲ್ಲಿಂದ ದಾಟ್ಕೊಂಡೇ ಬರೋದು. ನಿಮ್ಮ ಊರ ಮಾತಲ್ಲೇ ದೊಡ್ಡವರೂ ಪ್ರತ್ಯಯ ನುಂಗ್ತಾರೆ ಅಂದ್ರೆ ಅದನ್ನ ಲೆಕ್ಕಕ್ಕೆ ತಗೋಬೇಡಿ, ಮಂಡ್ಯ, ಧಾರವಾಡ, ಕುಂದಾಪುರ ಎಲ್ಲಾ ಕಡೆ ಒಂದೇ ಥರ ಮಾತಾಡಲ್ಲ, ಹೋಲಿಸ್ಬೇಕಾದ್ದು ನಿಮ್ಮ ಮನೇಲಿ ಅದೇ ವಯಸ್ಸಿನ ಬೇರೆ ಮಕ್ಕಳು ಹೇಗೆ ಮಾತಾಡ್ತಾರೆ ಅನ್ನೋದರ ಜೊತೆ, ಪುಸ್ತಕದ ಕನ್ನಡದ ಜೊತೆ ಅಲ್ಲ.

ಇನ್ನೊಂದು, ವಾಕ್ಯ ವಾಪಸ್ ಹೇಳ್ಸೋದು. "ಮಳೆ ಬಂದಿದ್ದಕ್ಕೆ ಅಣ್ಣ ಛತ್ರಿ ತಗೊಂಡು ಹೋದ" ಅಂತ ಒಂದ್ಸಲ ಹೇಳಿ, ಹಾಗೇ ಹೇಳು ಅನ್ನಿ. ಐದು ವರ್ಷದ ಆಸುಪಾಸಿನ ಮಗು ಇದನ್ನ ಹೆಚ್ಚುಕಮ್ಮಿ ಹೇಳತ್ತೆ. ಭಾಷೆ ತೊಂದರೆ ಇರೋ ಮಗು "ಮಳೆ ಅಣ್ಣ ಛತ್ರಿ" ಅಂತ ಮುಖ್ಯ ಪದ ಹಿಡ್ಕೊಂಡು ಮಧ್ಯದ್ದೆಲ್ಲ ಬಿಡತ್ತೆ. ಅರ್ಥ ಇಲ್ಲದ ಪದ, ಸುಮ್ನೆ "ತಗೋಪಿಮಾ" ಅಂತ ಏನಾದ್ರೂ ಹುಟ್ಟುಹಾಕಿ ಹೇಳ್ಸೋದೂ ಅಷ್ಟೇ, ಥೆರಪಿಸ್ಟುಗಳು ಇಂಥವನ್ನ ಕ್ರಮವಾಗಿ ಮಾಡ್ತಾರೆ, ಮನೇಲಿ ಆಟದ ಥರ ಮಾಡಿ ನೋಡ್ಬೋದು, ಆದ್ರೆ ಇದರ ಮೇಲೇ ತೀರ್ಪು ಕೊಡ್ಬೇಡಿ.

ಕಥೆ ಹೇಳ್ಸೋದು ಮೂರನೇದು. ಸ್ಕೂಲಲ್ಲಿ ಏನಾಯ್ತು ಅಂದ್ರೆ ಯಾರು, ಎಲ್ಲಿ, ಆಮೇಲೇನು ಅನ್ನೋದು ನಿಮಗೆ ಗೊತ್ತಾಗ್ಬೇಕು. "ಅದು... ಅವನು... ಅದು ಮಾಡ್ದ... ಬಿತ್ತು" ಅಂತ ಬರೀ ಅದು ಇದು ಅಂತಿದ್ರೆ, ಹೆಸರು ಗೊತ್ತಿರೋ ವಸ್ತುಗೂ ಪದ ಸಿಗ್ದೆ ತಡಕಾಡ್ತಿದ್ರೆ ಬರೆದಿಡಿ. ಇಂಥ ಮಕ್ಕಳಲ್ಲಿ ಕೆಲವರು ಸಿಟ್ಟು ಮಾಡ್ತಾರೆ, ಹೊಡೀತಾರೆ, ಇನ್ನು ಕೆಲವರು ಮೂಲೇಲಿ ಸುಮ್ನೆ ಕೂರ್ತಾರೆ, ಸ್ಕೂಲಲ್ಲಿ ಮೊದಲನೇದಕ್ಕೆ ತುಂಟ ಅಂತಾರೆ ಎರಡನೇದಕ್ಕೆ ಸಂಕೋಚ ಅಂತಾರೆ, ಭಾಷೆ ಕಡೆ ಯಾರ ತಲೆನೂ ಹೋಗಲ್ಲ.

ಉಚ್ಚಾರಣೆನ ಇದರ ಜೊತೆ ಬೆರೆಸ್ಬೇಡಿ. "ಮರ"ಕ್ಕೆ "ಮಯ" ಅಂತಾನೆ, "ಶಾಲೆ"ಗೆ "ಸಾಲೆ" ಅಂತಾನೆ, ಒತ್ತಕ್ಷರ ನುಂಗ್ತಾನೆ, ಆದ್ರೆ ಉದ್ದುದ್ದ ವಾಕ್ಯ ಸರಿಯಾಗಿ ಕಟ್ತಾನೆ, ಕಥೆ ಹೇಳ್ತಾನೆ ಅಂದ್ರೆ ಅದು ಧ್ವನಿಗಳ ವಿಷ್ಯ, ಭಾಷೆದಲ್ಲ. ಉಗ್ಗೋದೂ ಬೇರೆ ವಿಷ್ಯ. ನಾಲಿಗೆ ಕೆಳಗಿನ ದಾರ ಕತ್ತರಿಸಿದ್ರೆ ಮಾತು ಬರತ್ತೆ ಅಂತ ಓಡೋರಿಗೆ ಒಂದು ಮಾತು, ದಾರ ಗಿಡ್ಡ ಇದ್ರೆ ಕೆಲವು ಧ್ವನಿ ಕಷ್ಟ ಆಗ್ಬೋದು, ಪದನೇ ಬರ್ದೇ ಇರೋದಕ್ಕೆ ಅದು ಕಾರಣ ಅಲ್ಲ.

ಡಿಎಲ್‌ಡಿ ಅನ್ನೋ ಹೆಸರನ್ನ ತಜ್ಞರು ಸಾಮಾನ್ಯವಾಗಿ ಕೊಡೋದು ಈ ನಾಲ್ಕೈದು ವರ್ಷದ ಹೊತ್ತಿಗೇ, ಅದಕ್ಕಿಂತ ಮುಂಚೆ ಕೊಟ್ರೆ ತಾನಾಗೇ ಸರಿಹೋಗೋ ಮಕ್ಕಳೂ ಅದರಲ್ಲಿ ಸೇರ್ಕೊಂಡುಬಿಡ್ತಾರೆ ಅಂತ. ಆದ್ರೆ ಹೆಸರು ಸಿಗೋವರೆಗೂ ಥೆರಪಿ ಕಾಯ್ಬೇಕಾಗಿಲ್ಲ, ಎರಡು ವರ್ಷಕ್ಕೇ ಶುರು ಮಾಡ್ಬೋದು, ಬರೀ ತಡ ಇದ್ದ ಮಗುಗೆ ಅದರಿಂದ ನಷ್ಟ ಏನಿಲ್ಲ.

ಎರಡು ಭಾಷೆ, ಟಿವಿ, ಬಜೆ

ಎರಡು ಮೂರು ಭಾಷೆ ಕೇಳಿಸ್ಕೊಂಡು ಬೆಳೆಯೋದ್ರಿಂದ ಭಾಷೆ ತೊಂದರೆ ಬರಲ್ಲ. ನಮ್ಮ ರಾಜ್ಯದಲ್ಲಿ ಎಷ್ಟೋ ಮನೇಲಿ ಮೂರು ಭಾಷೆ ಸಲೀಸಾಗಿ ಓಡಾಡ್ತವೆ, ಹಾಗಿದ್ರೆ ಅರ್ಧ ಕರ್ನಾಟಕಕ್ಕೆ ಮಾತೇ ಬರ್ಬಾರ್ದಿತ್ತು. ನಿಜವಾದ ತೊಂದರೆ ಇದ್ರೆ ಮಗುಗೆ ಸಾಕಷ್ಟು ಕಿವಿಗೆ ಬಿದ್ದಿರೋ ಎಲ್ಲಾ ಭಾಷೆಯಲ್ಲೂ ಕಾಣತ್ತೆ, ಮನೆಮಾತಲ್ಲಿ ಪಟಪಟ ಅಂತ ಮಾತಾಡೋ ಮಗು ಸ್ಕೂಲಲ್ಲಿ ಇಂಗ್ಲಿಷಲ್ಲಿ ಸುಮ್ನಿದ್ರೆ ಅದು ಹೊಸ ಭಾಷೆ ಕಲಿಯೋ ಹಂತ ಅಷ್ಟೇ. ಅದಕ್ಕೇ ಮೌಲ್ಯಮಾಪನ ಮಾಡ್ಸುವಾಗ ಮನೆಮಾತಲ್ಲೂ ನೋಡಿ ಅಂತ ಹಠ ಹಿಡೀರಿ. ಅಮೆರಿಕದಲ್ಲಿರೋ ಕನ್ನಡದವರಿಗೂ ಇದೇ ಮಾತು, ಅಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಅರ್ಲಿ ಇಂಟರ್ವೆನ್ಷನ್ ಅಂತ ಸರ್ಕಾರದ ವ್ಯವಸ್ಥೆ ಇದೆ, ಡಾಕ್ಟರ್ ಬರೆದುಕೊಡೋವರೆಗೂ ಕಾಯ್ದೆ ತಂದೆತಾಯಿನೇ ನೇರವಾಗಿ ಕೇಳ್ಬೋದು. ಕನ್ನಡ ಬಿಟ್ಟು ತಮಗೇ ಸರಾಗ ಇಲ್ಲದ ಇಂಗ್ಲಿಷಲ್ಲಿ ಮಗು ಜೊತೆ ಮಾತಾಡೋಕೆ ಹೋಗಿ ಮಾತನ್ನೇ ಕಮ್ಮಿ ಮಾಡ್ಕೊಳ್ಳೋ ಅಪ್ಪ ಅಮ್ಮಂದಿರನ್ನ ನೋಡಿದ್ರೆ ಬೇಜಾರಾಗತ್ತೆ.

ಮೊಬೈಲು ಟಿವಿ ಒಂದೇ ಕಾರಣಕ್ಕೆ ಡಿಎಲ್‌ಡಿ ಬರತ್ತೆ ಅನ್ನೋಕಾಗಲ್ಲ, ಆದ್ರೆ ಅದು ಆನ್ ಆಗಿರೋ ಹೊತ್ತು ಮನೇಲಿ ಯಾರೂ ಮಗು ಜೊತೆ ಮಾತಾಡಲ್ಲ ಅನ್ನೋದು ಸತ್ಯ. ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳೋದು ಎರಡು ವರ್ಷದ ತನಕ ಸ್ಕ್ರೀನ್ ಬೇಡ, ನೆಂಟರ ಜೊತೆ ವೀಡಿಯೊ ಕಾಲ್ ಪರವಾಗಿಲ್ಲ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ದಾಟ್ಬಾರ್ದು ಅಂತ.

ಬಜೆ ಬೇಡ. ಅದರಲ್ಲಿರೋ ಬೀಟಾ ಅಸರೋನ್ ಅನ್ನೋ ಅಂಶದ ಕಾರಣಕ್ಕೆ ಅಮೆರಿಕದಲ್ಲಿ 1968ರಲ್ಲೇ ಬಜೆನ ಆಹಾರದಲ್ಲಿ ಬಳಸೋದನ್ನ ನಿಷೇಧ ಮಾಡಿದಾರೆ. ಅಜ್ಜಿ ಮನಸ್ಸು ನೋಯಿಸೋಕೆ ಇಷ್ಟ ಇಲ್ಲ ಅಂದ್ರೆ ಡಾಕ್ಟರ್ ಬೇಡ ಅಂದ್ರು ಅಂತ ಡಾಕ್ಟರ್ ತಲೆಗೆ ಕಟ್ಟಿ.

ಅಲ್ಲಿವರೆಗೆ ಮನೇಲಿ ಏನು ಮಾಡೋದು

"ಇದೇನು? ಇದೇನು? ಹೇಳು, ಹೇಳಿದ್ರೆ ಕೊಡ್ತೀನಿ" ಅನ್ನೋದನ್ನ ಮೊದಲು ನಿಲ್ಸಿ. ಮಗುಗೆ ಅದು ಪರೀಕ್ಷೆ, ಪರೀಕ್ಷೆ ಅಂದ್ರೆ ಯಾರಿಗೆ ಬಾಯಿ ಬರತ್ತೆ. ಅದರ ಬದಲು ಮಗು ಏನು ನೋಡ್ತಿದೆಯೋ ಅದರ ಬಗ್ಗೆ ನೀವು ಚಿಕ್ಕ ಚಿಕ್ಕ ವಾಕ್ಯದಲ್ಲಿ ಹೇಳಿ, "ಕಾಗೆ ಬಂತು, ಅನ್ನ ತಿಂತು, ಹಾರೋಯ್ತು". ಮಗು "ಕಾಗೆ" ಅಂದ್ರೆ ನೀವು ಒಂದು ಪದ ಸೇರ್ಸಿ "ಹೂಂ, ಕಾಗೆ ಹೋಯ್ತು" ಅನ್ನಿ, ಮಗು "ಕಾಗೆ ಹೋತು" ಅಂದ್ರೆ ಇನ್ನೊಂದು ಸೇರ್ಸಿ. ತಪ್ಪು ಹೇಳಿದ್ರೆ ತಿದ್ದಬೇಡಿ, ಸರಿಯಾದ್ದನ್ನ ನೀವು ಹೇಳಿ ಮುಂದಕ್ಕೆ ಹೋಗಿ. ಆಮೇಲೆ ಕಾಯಿರಿ. ನಮ್ಮ ಮನೆಗಳಲ್ಲಿ ಮಗು ಕೈ ಎತ್ತೋ ಮೊದ್ಲೇ ನೀರು ಬಂದಿರತ್ತೆ, ಕೇಳೋ ಅಗತ್ಯನೇ ಬರಲ್ಲ. ಲೋಟ ಕೈಲಿ ಹಿಡ್ಕೊಂಡು "ನೀರು ಬೇಕಾ, ಹಾಲು ಬೇಕಾ" ಅಂತ ಕೇಳಿ ಮನಸ್ಸಲ್ಲೇ ಹತ್ತು ಎಣಿಸಿ, ಮಗು ಕಣ್ಣಲ್ಲೋ ಕೈಯಲ್ಲೋ ಸದ್ದಲ್ಲೋ ಹೇಗೆ ಕೇಳಿದ್ರೂ ಕೊಟ್ಟುಬಿಡಿ, ಪದ ಹೇಳ್ದೇ ಕೊಡಲ್ಲ ಅಂತ ಅಳ್ಸ್ಬೇಡಿ. ಸ್ನಾನ, ಬಟ್ಟೆ ಹಾಕೋದು, ಬಟಾಣಿ ಸುಲಿಯೋದು, ಇವೇ ಕ್ಲಾಸ್ ರೂಮು, ದುಬಾರಿ ಫ್ಲಾಶ್ ಕಾರ್ಡ್ ಬೇಕಾಗಿಲ್ಲ.

ಎಲ್ಲಿ ತೋರ್ಸೋದು

ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಎಲ್ಲರೂ ಆಯಿಷ್ ಅಂತ ಕರೆಯೋದು, 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಶ್ರವಣ, ಮಾತು, ಭಾಷೆ ಎಲ್ಲಾ ಒಂದೇ ಕಡೆ ನೋಡ್ತಾರೆ, ಕನ್ನಡದಲ್ಲೇ ಮೌಲ್ಯಮಾಪನ ಮಾಡೋ ಅನುಭವ ಇರೋರು ಸಿಗ್ತಾರೆ. ಬೆಂಗಳೂರಲ್ಲಿ ನಿಮ್ಹಾನ್ಸ್‌ನಲ್ಲಿ ಈ ವಿಭಾಗ ಇದೆ, ಧಾರವಾಡ, ಮಂಗಳೂರು, ಮಣಿಪಾಲದಲ್ಲೂ ಈ ವಿಷ್ಯ ಕಲಿಸೋ ಕಾಲೇಜುಗಳಿವೆ, ಕಾಲೇಜಿದ್ದ ಕಡೆ ಕ್ಲಿನಿಕ್ಕೂ ಇರತ್ತೆ. ದೂರ ಹೋಗೋಕೆ ಆಗಲ್ಲ ಅನ್ನೋರು ಅಂಗನವಾಡಿಯಲ್ಲೋ ಆಶಾ ಕಾರ್ಯಕರ್ತೆ ಹತ್ರನೋ ಕೇಳಿ, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಬೆಳವಣಿಗೆ ತಡ ಆಗಿರೋ ಮಕ್ಕಳನ್ನ ಗುರ್ತಿಸಿ ಜಿಲ್ಲಾಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸೋ ವ್ಯವಸ್ಥೆ ಇದೆ, ದುಡ್ಡು ಕೊಡ್ಬೇಕಾಗಿಲ್ಲ.

ಪ್ರೈವೇಟಲ್ಲಿ ಹೋದ್ರೆ ಥೆರಪಿಸ್ಟ್ ಓದಿರೋದೇನು, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಏನು ಅಂತ ಕೇಳಿ, ನಾಚ್ಕೋಬೇಡಿ. ಮೂರು ತಿಂಗಳಲ್ಲಿ ಪೂರ್ತಿ ಮಾತು ಬರಿಸ್ತೀವಿ ಅಂತ ಗ್ಯಾರಂಟಿ ಕೊಡೋರಿಂದ ದೂರ ಇರಿ. ಥೆರಪಿ ರೂಮಿಗೆ ನಿಮ್ಮನ್ನ ಬಿಟ್ಕೊಳ್ದೇ ಮಗುನ ಮಾತ್ರ ಕರ್ಕೊಂಡು ಹೋಗಿ, ಆಮೇಲೆ ಮನೇಲಿ ಏನು ಮಾಡ್ಬೇಕು ಅಂತಲೂ ಹೇಳ್ದೇ ಕಳಿಸೋ ಕಡೆನೂ ನನಗೆ ಸರಿ ಅನ್ಸಲ್ಲ, ವಾರಕ್ಕೆ ಎರಡು ಗಂಟೆ ಅಲ್ಲಿ, ಉಳಿದ ಹೊತ್ತೆಲ್ಲ ನಿಮ್ಮ ಜೊತೆ ತಾನೇ ಮಗು ಇರೋದು.

ಹೋಗುವಾಗ ತಾರೀಕು ಹಾಕಿದ ಪದಗಳ ಹಾಳೆ, ಹತ್ತು ನಿಮಿಷದ ರೆಕಾರ್ಡಿಂಗು, ಮಗು ಮನೇಲಿ ಆಟ ಆಡೋ ಒಂದೆರಡು ವೀಡಿಯೊ, ಶ್ರವಣ ಪರೀಕ್ಷೆ ರಿಪೋರ್ಟು, ಹುಟ್ಟಿದಾಗಿನ ಡಿಸ್ಚಾರ್ಜ್ ಕಾರ್ಡು ಇಷ್ಟು ತಗೊಂಡು ಹೋಗಿ. ಹೊಸ ಜಾಗದಲ್ಲಿ ಹೆಚ್ಚಿನ ಮಕ್ಕಳು ಬಾಯಿ ಬಿಡಲ್ಲ, ಆಗ ವೀಡಿಯೊನೇ ಕೆಲಸಕ್ಕೆ ಬರೋದು. ವಾಪಸ್ ಬರೋ ಮುಂಚೆ ಮೂರು ಪ್ರಶ್ನೆ ಕೇಳಿ: ಅರ್ಥ ಮಾಡ್ಕೊಳ್ಳೋದು ವಯಸ್ಸಿಗೆ ತಕ್ಕಂಗಿದ್ಯಾ, ಮನೇಲಿ ಈ ತಿಂಗಳು ಏನು ಮಾಡ್ಬೇಕು, ಮತ್ತೆ ಯಾವಾಗ ಅಳೆದು ನೋಡ್ತೀರಾ. ಮೂರನೇದಕ್ಕೆ ತಾರೀಕು ಬರೆಸ್ಕೊಂಡೇ ಬನ್ನಿ.